ಕಾನೂನು ಬರವಣಿಗೆಯ ಆನ್‌ಲೈನ್ ಕೋರ್ಸ್: 12 ವಾರ ಕಲಿತ ಮೇಲೆ ಬರೆದ ವಿಮರ್ಶೆ

ವಕೀಲಿ ವೃತ್ತಿಗೆ ಬಂದು 9 ವರ್ಷಗಳಾದ ಮೇಲೆ ಬರೆಯುವುದನ್ನು ಮತ್ತೆ ಮೊದಲಿನಿಂದ ಕಲಿಯಬೇಕೆಂದು ನನಗೆ ಅನ್ನಿಸಿದ್ದು ಒಂದು ಮೇಲ್ಮನವಿಯ ವಿಚಾರಣೆಯ ದಿನ. ನಾನು ಸಲ್ಲಿಸಿದ್ದ 28 ಪುಟಗಳ ಲಿಖಿತ ವಾದವನ್ನು ನ್ಯಾಯಾಧೀಶರು ಹಿಂದೆ ಮುಂದೆ ತಿರುವಿ ನೋಡಿ, ನಿಮ್ಮ ಮುಖ್ಯ ಅಂಶ ಯಾವ ಪುಟದಲ್ಲಿದೆ ಎಂದು ಸೌಜನ್ಯದಿಂದಲೇ ಕೇಳಿದರು. ಅದು 19ನೇ ಪುಟದ ಕೊನೆಯ ಕಂಡಿಕೆಯಲ್ಲಿತ್ತು. ಕಕ್ಷಿದಾರರು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಅವರ ಪರವಾಗಿ ಹೇಳಬೇಕಾಗಿದ್ದ ಅತ್ಯಂತ ಬಲವಾದ ಮಾತನ್ನು ನಾನೇ 18 ಪುಟಗಳ ಅಡಿಯಲ್ಲಿ ಹೂತಿಟ್ಟಿದ್ದೆನೆಂಬುದು ಅಂದು ಅರಿವಾಯಿತು. ಅದೇ ತಿಂಗಳು ಕಾನೂನು ಬರವಣಿಗೆಯನ್ನು ಕಲಿಸುವ ಈ ಆನ್‌ಲೈನ್ ಕೋರ್ಸಿಗೆ ಸೇರಿದೆ.

ಕೋರ್ಸಿನ ಅವಧಿ 12 ವಾರ. ವಾರಕ್ಕೆ ಎರಡು ರೆಕಾರ್ಡ್ ಮಾಡಿದ ಪಾಠಗಳು, ಒಂದು ಬರವಣಿಗೆಯ ಅಭ್ಯಾಸ, ಮತ್ತು ಆ ಅಭ್ಯಾಸವನ್ನು ಓದಿ ಷರಾ ಬರೆದು ಹಿಂದಿರುಗಿಸುವ ಒಬ್ಬ ಪರಿಶೀಲಕರು, ಇಷ್ಟು ಅದರ ಚೌಕಟ್ಟು. ಪರಿಶೀಲಕರು ವೃತ್ತಿನಿರತ ವಕೀಲರೇ ಆಗಿರುತ್ತಾರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೋರ್ಸಿನಲ್ಲಿ ಹಣಕ್ಕೂ ಸಮಯಕ್ಕೂ ತಕ್ಕ ಬೆಲೆ ದೊರೆಯುವುದು ಪರಿಶೀಲಕರ ಷರಾಗಳಲ್ಲಿ. ಆ ಷರಾಗಳು ಗಟ್ಟಿಯಾಗಿದ್ದ ಮೊದಲ ಎಂಟು ವಾರಗಳು ನನ್ನ ಬರವಣಿಗೆಯನ್ನೇ ಬದಲಿಸಿದವು, ಒಪ್ಪಂದಗಳ ಕರಡನ್ನು ಕಲಿಸುವ ಮುಂದಿನ ಎರಡು ವಾರಗಳಲ್ಲಿ ಷರಾಗಳು ತೆಳುವಾದವು, ಆ ವಾರಗಳಿಂದ ನಾನು ಹೆಚ್ಚೇನೂ ಪಡೆಯಲಿಲ್ಲ.

ನಮ್ಮಲ್ಲಿ ಬಹುತೇಕರು ಡ್ರಾಫ್ಟಿಂಗ್ ಕಲಿಯುವುದು ಸೀನಿಯರ್ ಅವರ ಹಳೆಯ ಕಡತಗಳಿಂದ. ಹಿಂದಿನ ವಾದಪತ್ರವೊಂದನ್ನು ತೆರೆದು, ಹೆಸರು, ದಿನಾಂಕ, ಸ್ವತ್ತಿನ ವಿವರಗಳನ್ನು ಬದಲಿಸಿ, ಉಳಿದುದನ್ನು ಹಾಗೆಯೇ ಇಟ್ಟುಕೊಳ್ಳುತ್ತೇವೆ. ಈ ಪದ್ಧತಿಯಲ್ಲಿ ಒಳ್ಳೆಯದೂ ಇದೆ: ಯಾವ ಅಂಶ ಬಿಟ್ಟುಹೋಗಬಾರದು ಎಂಬುದನ್ನು ಹಳೆಯ ಕಡತ ನೆನಪಿಸುತ್ತದೆ. ಆದರೆ ಹತ್ತು ಕೈ ದಾಟಿ ಬಂದ ವಾಕ್ಯದ ಅರ್ಥವನ್ನು ಯಾರೂ ಮತ್ತೆ ಪರೀಕ್ಷಿಸಿರುವುದಿಲ್ಲ. "ಸದರಿ ಅರ್ಜಿದಾರರು ಸದರಿ ಸ್ವತ್ತಿನ ಸದರಿ ಭಾಗದ ಮೇಲೆ ಹೊಂದಿರುವ ಸದರಿ ಹಕ್ಕು" ಎಂಬಂಥ ವಾಕ್ಯವನ್ನು ನಾನೇ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಮೊದಲ ವಾರದ ಅಭ್ಯಾಸವೇ ನಾವು ಈಚೆಗೆ ಸಲ್ಲಿಸಿದ ಒಂದು ಪುಟವನ್ನು ತೆಗೆದುಕೊಂಡು, ಪ್ರತಿ ವಾಕ್ಯದ ಪಕ್ಕದಲ್ಲಿ ಅದು ಅಲ್ಲಿ ಯಾವ ಕೆಲಸ ಮಾಡುತ್ತಿದೆ ಎಂದು ಬರೆಯುವುದು. ನನ್ನ ಪುಟದ 14 ವಾಕ್ಯಗಳಲ್ಲಿ 5ರ ಪಕ್ಕದಲ್ಲಿ ಬರೆಯಲು ನನಗೆ ಏನೂ ತೋಚಲಿಲ್ಲ.

ಎರಡನೇ ಮತ್ತು ಮೂರನೇ ವಾರಗಳಲ್ಲಿ ಕಾನೂನು ವಿಶ್ಲೇಷಣೆಯ ಪರಿಚಿತ ಕ್ರಮ ಬರುತ್ತದೆ: ಪ್ರಶ್ನೆ, ನಿಯಮ, ಅನ್ವಯ, ತೀರ್ಮಾನ. ಕಾನೂನು ಕಾಲೇಜಿನಲ್ಲಿ ಇದನ್ನು ಕೇಳದವರಿಲ್ಲ. ಆದರೂ ಇಲ್ಲಿ ಪ್ರಶ್ನೆಯನ್ನು ರೂಪಿಸುವ ಬಗೆಗೆ ಕೊಟ್ಟ ಸಮಯ ವ್ಯರ್ಥವಾಗಲಿಲ್ಲ. ಜಾರಿ ಬಿದ್ದು ಗಾಯಗೊಂಡ ಗ್ರಾಹಕರೊಬ್ಬರ ಪ್ರಕರಣದಲ್ಲಿ ನಾನು ಬರೆದ ಪ್ರಶ್ನೆ "ಪ್ರತಿವಾದಿಯು ಹೊಣೆಗಾರರೇ?" ಎಂದಿತ್ತು. ಇದಕ್ಕೆ ಯಾವ ಪ್ರಕರಣದ ಶೀರ್ಷಿಕೆಯನ್ನು ಅಂಟಿಸಿದರೂ ನಡೆಯುತ್ತದೆ ಎಂಬ ಷರಾ ಬಂತು. ಎರಡು ಸಲ ತಿದ್ದಿದ ಮೇಲೆ ಅದು ಹೀಗಾಯಿತು: "ನೆಲ ಒದ್ದೆಯಾಗಿದೆ ಎಂದು ತಿಳಿದ ಮೇಲೂ ಅರ್ಧ ಗಂಟೆಯವರೆಗೆ ಎಚ್ಚರಿಕೆಯ ಫಲಕ ಇಡದ ಅಂಗಡಿಯ ಮಾಲೀಕರು, ಆ ಅವಧಿಯಲ್ಲಿ ಜಾರಿ ಬಿದ್ದ ಗ್ರಾಹಕರಿಗೆ ಪರಿಹಾರ ಕೊಡಲು ಬದ್ಧರೇ?" ಪ್ರಶ್ನೆ ಉದ್ದವಾಗಿದೆ, ನಿಜ. ಆದರೆ ಓದುವವರಿಗೆ ಉತ್ತರ ಎತ್ತ ಸಾಗಬೇಕೆಂಬುದು ಪ್ರಶ್ನೆಯಲ್ಲಿಯೇ ಕಾಣುತ್ತದೆ, ಮತ್ತು ಮುಂದಿನ ಪುಟಗಳಲ್ಲಿ ಯಾವ ಸಂಗತಿಗಳಿಗೆ ಒತ್ತು ಕೊಡಬೇಕೆಂಬುದು ಬರೆಯುವವರಿಗೂ ಸ್ಪಷ್ಟವಾಗುತ್ತದೆ. ನಿಯಮವನ್ನು ಎರಡು ಪುಟ ವಿವರಿಸಿ, ಅದು ನಮ್ಮ ಸಂಗತಿಗಳಿಗೆ ಹೇಗೆ ತಾಗುತ್ತದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಮುಗಿಸಿ ತೀರ್ಮಾನಕ್ಕೆ ಹಾರುವುದು ನಮ್ಮ ವೃತ್ತಿಯ ದೊಡ್ಡ ದೋಷ. ಈ ಪಾಠದ ನಂತರ ನನ್ನ ಹಳೆಯ ವಾದಗಳನ್ನು ತೆರೆದಾಗ ಪ್ರತಿಯೊಂದರಲ್ಲೂ ಅದು ಕಣ್ಣಿಗೆ ಬಿತ್ತು.

ಸಂಗತಿಗಳ ನಿರೂಪಣೆಗೆ ಮೀಸಲಾದ ನಾಲ್ಕು ಮತ್ತು ಐದನೇ ವಾರಗಳು ಈ ಕೋರ್ಸಿನ ಜೀವಾಳ. ಅಭ್ಯಾಸಕ್ಕಾಗಿ ಕೊಟ್ಟದ್ದು ಒಂದು ಕಲ್ಪಿತ ಕಡತ: ಗೋದಾಮೊಂದನ್ನು ಕಟ್ಟಿಕೊಟ್ಟ ಗುತ್ತಿಗೆದಾರರಿಗೆ, ಕೆಲಸ ತಡವಾಯಿತೆಂಬ ಕಾರಣಕ್ಕೆ ಮಾಲೀಕರು ಕೊನೆಯ ಕಂತಿನ ಹಣವನ್ನು ತಡೆಹಿಡಿದಿದ್ದಾರೆ. ನಾವು ಗುತ್ತಿಗೆದಾರರ ಪರ. ಪತ್ರಗಳು, ರಸೀದಿಗಳು, ಸಭೆಗಳ ಟಿಪ್ಪಣಿಗಳು ಎಲ್ಲವೂ ಸೇರಿ ಸುಮಾರು 60 ಹಾಳೆ. ಅದರಿಂದ ನಾನು 1,400 ಪದಗಳ ಸಂಗತಿಯ ಭಾಗವನ್ನು ಬರೆದು ಕಳುಹಿಸಿದೆ, ಅಚ್ಚುಕಟ್ಟಾಗಿದೆ ಎಂದೇ ನಂಬಿದ್ದೆ. ನಾಲ್ಕನೇ ಕಂಡಿಕೆಯ ಪಕ್ಕದಲ್ಲಿ ಈ ಷರಾ ಬರೆದು ಅದು ಹಿಂದಿರುಗಿತು: "ಇಲ್ಲಿ ನಾನು ಓದುವುದನ್ನು ನಿಲ್ಲಿಸಿ ಮೊದಲ ಪುಟಕ್ಕೆ ಹೋದೆ. ಏಕೆಂದು ನೀವೇ ಹುಡುಕಿ."

ಹುಡುಕಿದೆ. ಮೊದಲ ಪುಟದಲ್ಲಿ "ಎರಡನೇ ಪಕ್ಷಕಾರರು" ಎಂದು ಕರೆದಿದ್ದ ಮಾಲೀಕರನ್ನು ನಾಲ್ಕನೇ ಕಂಡಿಕೆಯಲ್ಲಿ "ಎದುರುದಾರರು" ಎಂದು ಕರೆದಿದ್ದೆ, ಅದೇ ಕಂಡಿಕೆಯಲ್ಲಿ ಉಪಗುತ್ತಿಗೆದಾರರೊಬ್ಬರು "ಸದರಿಯವರು" ಎಂಬ ಹೆಸರಿನಲ್ಲಿ ಬಂದುಹೋಗಿದ್ದರು. ಯಾರು ಯಾರಿಗೆ ನಕ್ಷೆ ಕೊಟ್ಟರು ಎಂಬುದು ಕಡತವನ್ನು ಓದಿದ್ದ ನನಗೆ ಗೊತ್ತಿತ್ತು. ನನ್ನ ಬರಹವನ್ನು ಮಾತ್ರ ಓದುವವರಿಗೆ ಗೊತ್ತಾಗುವಂತಿರಲಿಲ್ಲ. ಅವರನ್ನು ಕೊನೆಯವರೆಗೆ "ಮಾಲೀಕರು", "ಗುತ್ತಿಗೆದಾರರು" ಎಂದೇ ಕರೆದರೆ ಯಾವ ನಷ್ಟವೂ ಇರಲಿಲ್ಲ.

ಎರಡನೇ ಷರಾ ದಿನಾಂಕಗಳ ಬಗ್ಗೆ. ನನ್ನ ಬರಹದಲ್ಲಿ 17 ದಿನಾಂಕಗಳಿದ್ದವು, ಇವುಗಳಲ್ಲಿ ನ್ಯಾಯಾಲಯ ನೆನಪಿಡಬೇಕಾದವು ಎಷ್ಟು ಎಂದು ಪರಿಶೀಲಕರು ಕೇಳಿದ್ದರು. ಎಣಿಸಿದಾಗ ಸಿಕ್ಕವು ಮೂರು: ಕರಾರು ಆದ ದಿನ, ಮಾಲೀಕರು ವಿನ್ಯಾಸ ಬದಲಿಸಿದ ದಿನ, ಗೋದಾಮನ್ನು ಒಪ್ಪಿಸಿದ ದಿನ. ಉಳಿದೆಡೆ "ಅದೇ ವಾರ", "ಎರಡು ತಿಂಗಳ ನಂತರ" ಎಂದರೆ ಸಾಕಾಗುತ್ತಿತ್ತು. ಪೂರ್ಣ ದಿನಾಂಕವನ್ನು ಕಂಡೊಡನೆ ಓದುವವರು ಅದು ಮುಖ್ಯವೆಂದು ಭಾವಿಸಿ ನೆನಪಿನಲ್ಲಿಡಲು ಯತ್ನಿಸುತ್ತಾರೆ, 17 ಸಲ ಹಾಗೆ ಮಾಡಿಸಿದರೆ ಬೇಕಾದ ಮೂರೂ ಕೈತಪ್ಪುತ್ತವೆ. ಕಾಲಮಿತಿಯ ತಕರಾರು ಇರುವ ಪ್ರಕರಣದಲ್ಲಿ ಮಾತ್ರ ಪ್ರತಿ ದಿನವನ್ನೂ ಬರೆಯಬೇಕಾಗುತ್ತದೆ, ಆಗಲೂ ಅದಕ್ಕೊಂದು ಪ್ರತ್ಯೇಕ ಪಟ್ಟಿ ಮಾಡುವುದು ಲೇಸು.

ಮೂರನೆಯದು ನನ್ನನ್ನು ಹೆಚ್ಚು ಕಾಡಿದ ಷರಾ. ಕಡತದಲ್ಲಿ ನಮಗೆ ಪ್ರತಿಕೂಲವಾದ ಒಂದು ಸಂಗತಿ ಇತ್ತು: ಗುತ್ತಿಗೆದಾರರು ನಡುವೆ ಮೂರು ವಾರ ತಮ್ಮ ಕೆಲಸಗಾರರನ್ನು ಬೇರೊಂದು ಕಟ್ಟಡಕ್ಕೆ ಕಳುಹಿಸಿದ್ದರು. ನಾನು ಅದನ್ನು ಬರೆದೇ ಇರಲಿಲ್ಲ. ಎದುರು ಪಕ್ಷದವರು ಇದನ್ನು ಮೊದಲು ಹೇಳಿದರೆ ನಿಮ್ಮ ಉಳಿದ ಸಂಗತಿಗಳನ್ನು ಯಾರು ನಂಬುತ್ತಾರೆ ಎಂದು ಪರಿಶೀಲಕರು ಕೇಳಿದರು. ಮತ್ತೆ ಹಾಳೆಗಳನ್ನು ಓದಿದಾಗ ಆ ಮೂರು ವಾರಗಳು ಯಾವಾಗ ಬಂದವೆಂಬುದು ತಿಳಿಯಿತು. ಮೂರನೇ ಕರಡಿನಲ್ಲಿ ಬರೆದ ವಾಕ್ಯ ಇದು: "ವಿನ್ಯಾಸ ಬದಲಾದ ಮೇಲೆ ಹೊಸ ನಕ್ಷೆ ಕೈಸೇರಲು ಆರು ವಾರ ಹಿಡಿಯಿತು; ಆ ಅವಧಿಯ ಮೂರು ವಾರ ಗುತ್ತಿಗೆದಾರರು ತಮ್ಮ ಕೆಲಸಗಾರರನ್ನು ಬೇರೆ ಕೆಲಸಕ್ಕೆ ಕಳುಹಿಸಿದ್ದರು." ಮುಚ್ಚಿಟ್ಟಿದ್ದಾಗ ಅಪಾಯವಾಗಿದ್ದ ಸಂಗತಿ, ತನ್ನ ಜಾಗದಲ್ಲಿ ಕುಳಿತಾಗ ಮಾಲೀಕರಿಂದಾದ ವಿಳಂಬಕ್ಕೆ ಸಾಕ್ಷಿಯಾಯಿತು. ನಾಲ್ಕನೇ ಕರಡು 560 ಪದಗಳಲ್ಲಿ ಮುಗಿಯಿತು. ಒಂದೇ ಸಂಗತಿಯ ಭಾಗವನ್ನು ನಾಲ್ಕು ಸಲ ಓದಿ, ಪ್ರತಿ ಸಲವೂ ಹೊಸದೊಂದು ಪ್ರಶ್ನೆ ಕೇಳುವ ಸಹನೆ ಆ ಪರಿಶೀಲಕರಲ್ಲಿತ್ತು. ಅವರಿಗೆ ನಾನು ಋಣಿ.

ಆರನೇ ವಾರ ಕಾನೂನಿನ ಭಾಷೆ ಈ ಸ್ಥಿತಿಗೆ ಬಂದ ಬಗೆಯನ್ನು ಹೇಳುತ್ತದೆ. ಇಂಗ್ಲೆಂಡಿನಲ್ಲಿ ಜನರಿಗೆ ಫ್ರೆಂಚ್ ತಿಳಿಯದೆಂಬ ಕಾರಣಕ್ಕೆ ನ್ಯಾಯಾಲಯಗಳ ವಾದ ಇಂಗ್ಲಿಷಿನಲ್ಲಿ ನಡೆಯಬೇಕೆಂದು 1362ರಲ್ಲಿಯೇ ಶಾಸನವಾಯಿತು, ಆದರೂ ದಾಖಲೆಗಳ ಲ್ಯಾಟಿನ್ ಪೂರ್ತಿ ಹೋಗಲು 1733ರಲ್ಲಿ ಜಾರಿಗೆ ಬಂದ ಮತ್ತೊಂದು ಕಾಯ್ದೆ ಬೇಕಾಯಿತು. ಈ ನಡುವಿನ ಶತಮಾನಗಳಲ್ಲಿ ಒಂದು ಮಾತನ್ನು ಎರಡು ಭಾಷೆಯ ಪದಗಳಲ್ಲಿ ಜೋಡಿಯಾಗಿ ಹೇಳುವ ರೂಢಿ ಬೇರೂರಿತು. ಉಯಿಲಿಗೆ ಇಂಗ್ಲಿಷಿನಲ್ಲಿ ಇಂದಿಗೂ ಬಳಸುವ ಜೋಡಿಪದದಲ್ಲಿ "ವಿಲ್" ಹಳೆಯ ಇಂಗ್ಲಿಷಿನದು, "ಟೆಸ್ಟಮೆಂಟ್" ಲ್ಯಾಟಿನ್ ಮೂಲದ್ದು. ಇದನ್ನು ಕೇಳುವಾಗ ನಮ್ಮ ನ್ಯಾಯಾಲಯದ ಕನ್ನಡ ನೆನಪಾಯಿತು. ವಕೀಲ, ಕಾನೂನು, ಅರ್ಜಿ, ದಾವೆ, ಕರಾರು ಎಲ್ಲವೂ ಅರಬ್ಬಿಯಿಂದ ಪಾರ್ಸಿಯ ದಾರಿಯಲ್ಲಿ ಬಂದು ನಮ್ಮವಾಗಿರುವ ಪದಗಳು, ಅವುಗಳಿಂದ ಯಾರಿಗೂ ತೊಡಕಿಲ್ಲ. ತೊಡಕಿರುವುದು "ಶೂನ್ಯವೂ ಅಸಿಂಧುವೂ" ಎಂಬಂಥ ಜೋಡಿಗಳಲ್ಲಿ. ಎರಡನೇ ಪದ ಹೊಸದೇನನ್ನೂ ಸೇರಿಸದಿದ್ದರೆ ಅದನ್ನು ಬಿಡಬೇಕು. ಆದರೆ "ಹಕ್ಕು ಮತ್ತು ಬಾಧ್ಯತೆ" ಎಂಬಲ್ಲಿ ಎರಡೂ ಬೇರೆ ಬೇರೆ, ಒಂದನ್ನು ತೆಗೆದರೆ ಅರ್ಥವೇ ಮುರಿಯುತ್ತದೆ. ಸರಳಗೊಳಿಸುವ ಉತ್ಸಾಹದಲ್ಲಿ ಈ ವ್ಯತ್ಯಾಸವನ್ನು ಮರೆಯಬಾರದೆಂದು ಪಾಠದಲ್ಲಿ ಒತ್ತಿ ಹೇಳಿದ್ದು ನನಗೆ ಮೆಚ್ಚುಗೆಯಾಯಿತು.

ಇದೇ ವಾರ 1596ರ ಒಂದು ಆದೇಶವನ್ನು ಓದಿಸಿದರು. ಮೈಲ್‌ವರ್ಡ್ ವಿರುದ್ಧ ವೆಲ್ಡನ್ ಪ್ರಕರಣದಲ್ಲಿ 16 ಹಾಳೆಗಳಲ್ಲಿ ಮುಗಿಸಬಹುದಾಗಿದ್ದ ಪ್ರತ್ಯುತ್ತರವನ್ನು ಸುಮಾರು 120 ಹಾಳೆಗಳಿಗೆ ಬೆಳೆಸಿದವರಿಗೆ ಇಂಗ್ಲೆಂಡಿನ ಚಾನ್ಸರಿ ನ್ಯಾಯಾಲಯ ದಂಡ ವಿಧಿಸಿತು. ಅಷ್ಟೇ ಸಾಲದೆಂದು, ಆ ಹಾಳೆಗಳ ನಡುವೆ ರಂಧ್ರ ಕೊರೆದು, ಅದರಲ್ಲಿ ಅವರ ತಲೆ ತೂರಿಸಿ, ನ್ಯಾಯಾಲಯಗಳು ನಡೆಯುತ್ತಿರುವಾಗಲೇ ವೆಸ್ಟ್‌ಮಿನ್‌ಸ್ಟರ್ ಹಾಲಿನ ಸುತ್ತ ನಡೆಸಬೇಕೆಂದು ಆದೇಶಿಸಿತು. ಆ ಶಿಕ್ಷೆಯ ಕ್ರೌರ್ಯವನ್ನು ನಾನು ಒಪ್ಪುವುದಿಲ್ಲ. ಆದರೂ ಉದ್ದದ ಬಗೆಗಿನ ನ್ಯಾಯಾಲಯಗಳ ಬೇಸರ ಎಷ್ಟು ಹಳೆಯದೆಂಬುದಕ್ಕೆ ಆ ಆದೇಶ ಗುರುತಾಗಿ ಉಳಿದಿದೆ. ಅಮೆರಿಕದ ಸುಪ್ರೀಂ ಕೋರ್ಟ್ 2019ರಲ್ಲಿ ಮುಖ್ಯ ಲಿಖಿತ ವಾದದ ಮಿತಿಯನ್ನು 15,000 ಪದಗಳಿಂದ 13,000ಕ್ಕೆ ಇಳಿಸಿತು.

ಏಳನೇ ವಾರದ ವಿಷಯ ದ್ವಂದ್ವಾರ್ಥ. ಅಮೆರಿಕದ ಮೇನ್ ರಾಜ್ಯದ ಹಾಲಿನ ಕಂಪನಿಯೊಂದರ ವಾಹನ ಚಾಲಕರ ಪ್ರಕರಣ ಇಲ್ಲಿ ಮುಖ್ಯ ಪಾಠ. ಯಾವ ಕೆಲಸಗಳಿಗೆ ಹೆಚ್ಚುವರಿ ಅವಧಿಯ ವೇತನ ಅನ್ವಯಿಸುವುದಿಲ್ಲ ಎಂಬ ಪಟ್ಟಿಯ ಕೊನೆಯಲ್ಲಿ "ಸಾಗಣೆ ಅಥವಾ ವಿತರಣೆಗಾಗಿ ಪ್ಯಾಕ್ ಮಾಡುವುದು" ಎಂದು ಓದಬೇಕೇ, ಇಲ್ಲವೇ "ಸಾಗಣೆಗಾಗಿ ಪ್ಯಾಕ್ ಮಾಡುವುದು" ಒಂದು, "ವಿತರಣೆ" ಇನ್ನೊಂದು ಎಂದು ಓದಬೇಕೇ ಎಂಬ ಪ್ರಶ್ನೆ ಎದ್ದಿತು. ನಡುವೆ ಒಂದು ಅಲ್ಪವಿರಾಮ ಇದ್ದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಚಾಲಕರು ವಿತರಿಸುತ್ತಿದ್ದರು, ಪ್ಯಾಕ್ ಮಾಡುತ್ತಿರಲಿಲ್ಲ. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಪಟ್ಟಿ ಅಸ್ಪಷ್ಟವೆಂದು ಹೇಳಿ ಚಾಲಕರ ಪರ ನಿಂತಿತು, ಮರುವರ್ಷ 50 ಲಕ್ಷ ಡಾಲರಿಗೆ ಪ್ರಕರಣ ರಾಜಿಯಾಯಿತು.

ಪಾಠಗಳೆಲ್ಲ ಇಂಗ್ಲಿಷಿನಲ್ಲಿವೆ, ಕನ್ನಡದಲ್ಲಿ ಬರೆಯುವವರು ಅವನ್ನು ತಾವೇ ಒಗ್ಗಿಸಿಕೊಳ್ಳಬೇಕು. ನಮ್ಮ ಭಾಷೆಯಲ್ಲಿ ಅಲ್ಪವಿರಾಮಕ್ಕಿಂತ ವಿಶೇಷಣವೂ ಸರ್ವನಾಮವೂ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅನುಭವ. "ಹಳೆಯ ಯಂತ್ರಗಳು ಮತ್ತು ವಾಹನಗಳನ್ನು ಹಿಂದಿರುಗಿಸಬೇಕು" ಎಂದರೆ ಹೊಸ ವಾಹನವನ್ನು ಇಟ್ಟುಕೊಳ್ಳಬಹುದೇ? "ಮಾಲೀಕರು ಬಾಡಿಗೆದಾರರಿಗೆ ತಿಳಿಸಿದ ನಂತರ ಅವರು ಏಳು ದಿನದೊಳಗೆ ರಿಪೇರಿ ಮಾಡಿಸಬೇಕು" ಎಂದರೆ ಖರ್ಚು ಯಾರದು? ಕರ್ಮಣಿ ಪ್ರಯೋಗವೂ ಹೀಗೆಯೇ. "ನೋಟಿಸ್ ನೀಡಲಾಗಿದೆ" ಎಂಬ ವಾಕ್ಯವನ್ನು ನಾವು ಕಣ್ಣು ಮುಚ್ಚಿ ಬರೆಯುತ್ತೇವೆ. ಯಾರು ನೀಡಿದರು, ಅವರಿಗೆ ನೀಡುವ ಅಧಿಕಾರ ಇತ್ತೇ ಎಂಬುದೇ ವಿವಾದವಾಗಿರುವ ಪ್ರಕರಣದಲ್ಲಿ ಆ ವಾಕ್ಯ ನಮ್ಮ ಕಕ್ಷಿದಾರರಿಗೆ ಹಾನಿ ಮಾಡುತ್ತದೆ. ಮಾಡಿದವರು ಯಾರೆಂಬುದು ಮುಖ್ಯವಲ್ಲದ ಕಡೆ ಕರ್ಮಣಿಗೆ ಅಡ್ಡಿಯಿಲ್ಲ.

ಪೂರ್ವನಿದರ್ಶನಗಳ ಎಂಟನೇ ವಾರದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ನೀವೇ ತೆರೆದು ಓದದ ತೀರ್ಪನ್ನು ಉಲ್ಲೇಖಿಸಬೇಡಿ, ಓದಿದ ಮೇಲೆ ಅದು ಇನ್ನೂ ಊರ್ಜಿತವಾಗಿದೆಯೇ ಎಂದು ನೋಡಿ, ಇಡೀ ಕಂಡಿಕೆಯನ್ನು ಉದ್ಧರಿಸುವ ಬದಲು ನಿಮಗೆ ಬೇಕಾದ ವಾಕ್ಯವನ್ನು ಮಾತ್ರ ಎತ್ತಿಕೊಳ್ಳಿ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು ಕೃತಕ ಬುದ್ಧಿಮತ್ತೆ ಸೃಷ್ಟಿಸಿದ, ಎಲ್ಲಿಯೂ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದಕ್ಕಾಗಿ ಇಬ್ಬರು ವಕೀಲರಿಗೂ ಅವರ ಸಂಸ್ಥೆಗೂ ಸೇರಿಸಿ 5,000 ಡಾಲರ್ ದಂಡ ಹಾಕಿದ್ದನ್ನು ಇಲ್ಲಿ ಚರ್ಚಿಸುತ್ತಾರೆ.

ಒಂಬತ್ತು ಮತ್ತು ಹತ್ತನೇ ವಾರಗಳು ಒಪ್ಪಂದಗಳ ಕರಡಿಗೆ ಮೀಸಲು. ಇಲ್ಲಿ ಕೋರ್ಸ್ ಸೋಲುತ್ತದೆ. ವಾದಪತ್ರವನ್ನು ಒಬ್ಬರು ಒಮ್ಮೆ ಓದಿ ಒಪ್ಪಬೇಕು. ಒಪ್ಪಂದವನ್ನು ವರ್ಷಗಳ ನಂತರ, ತಪ್ಪು ಹುಡುಕಲೆಂದೇ ಓದುವವರಿರುತ್ತಾರೆ, ಆದ್ದರಿಂದ ಅದಕ್ಕೆ ಬೇರೆಯದೇ ಶಿಸ್ತು ಬೇಕು. ಒಂದು ವಸ್ತುವಿಗೆ ಆದಿಯಿಂದ ಅಂತ್ಯದವರೆಗೆ ಒಂದೇ ಪದವನ್ನು ಬಳಸಬೇಕೆಂದು ಪಾಠದಲ್ಲಿ ಹೇಳಿದರು, ಸರಿಯಾಗಿಯೇ ಹೇಳಿದರು. ಆದರೆ ಅವರೇ ಕೊಟ್ಟ ಮಾದರಿ ಉತ್ತರದಲ್ಲಿ ಎರಡನೇ ಕಂಡಿಕೆಯ "ಸರಕು" ಐದನೆಯದರಲ್ಲಿ "ಉತ್ಪನ್ನ" ಆಗಿತ್ತು. ಕರ್ತವ್ಯ, ಅಧಿಕಾರ, ಘೋಷಣೆ ಈ ಮೂರನ್ನೂ ಬೇರೆ ಬೇರೆ ಕ್ರಿಯಾರೂಪಗಳಲ್ಲಿ ಹೇಳುವ ವಿಚಾರವನ್ನು ಹತ್ತೇ ನಿಮಿಷದಲ್ಲಿ ಮುಗಿಸಿದರು. ನಮ್ಮ "ತಕ್ಕದ್ದು" ಎಂಬ ಒಂದೇ ರೂಪದಲ್ಲಿ ಇವು ಬೆರೆತುಹೋಗುವುದರಿಂದ ನಾನು ಈ ಪಾಠಕ್ಕಾಗಿ ಕಾದಿದ್ದೆ. "ಬಾಡಿಗೆಯನ್ನು ಪಾವತಿಸತಕ್ಕದ್ದು" ಎಂಬುದು ಕರ್ತವ್ಯ, "ಈ ಕರಾರನ್ನು ಬಾಡಿಗೆ ಕರಾರು ಎಂದು ಕರೆಯತಕ್ಕದ್ದು" ಎಂಬುದು ಬರಿಯ ಹೆಸರಿಡುವಿಕೆ, ಎರಡಕ್ಕೂ ಒಂದೇ ಪ್ರತ್ಯಯ. ಮೊದಲನೆಯದಕ್ಕೆ ಮಾತ್ರ ಅದನ್ನು ಮೀಸಲಿಟ್ಟು, ಎರಡನೆಯದನ್ನು "ಕರೆಯಲಾಗುವುದು" ಎಂದು ಬರೆಯುವ ಕ್ರಮವನ್ನು ನಾನೇ ಮಾಡಿಕೊಂಡೆ.

ಈ ಎರಡು ವಾರಗಳಲ್ಲಿ ಪರಿಶೀಲಕರೂ ಬದಲಾದರು. ನಾನು ಎರಡು ಸಂಜೆ ಕುಳಿತು ಬರೆದ ಆರು ಪುಟಗಳ ಸರಬರಾಜು ಒಪ್ಪಂದಕ್ಕೆ "ಚೆನ್ನಾಗಿದೆ, ಇನ್ನಷ್ಟು ಸ್ಪಷ್ಟವಾಗಿರಲಿ" ಎಂಬ ಒಂದು ಸಾಲಿನ ಷರಾ ಬಂತು. ಎಲ್ಲಿ ಸ್ಪಷ್ಟವಾಗಿಲ್ಲ ಎಂದು ಕೇಳಿ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ನನಗೆ ನಿಜವಾಗಿ ನೋವಾಯಿತು. ಮೊದಲ ವಾರಗಳಲ್ಲಿ ಇದೇ ಕೋರ್ಸ್ ತೋರಿಸಿಕೊಟ್ಟ ಮಟ್ಟವನ್ನು ಕಂಡಿದ್ದವರು ಅದಕ್ಕಿಂತ ಕಡಿಮೆಗೆ ಒಪ್ಪುವುದು ಕಷ್ಟ.

ಕೊನೆಯ ಎರಡು ವಾರ ತಿದ್ದುವಿಕೆಗೆ. ಬರೆದದ್ದನ್ನು ಒಂದು ರಾತ್ರಿ ಬಿಟ್ಟು ನೋಡುವುದು, ಮುದ್ರಿಸಿ ಕೈಯಲ್ಲಿ ಹಿಡಿದು ಓದುವುದು, ಪ್ರತಿ ಕಂಡಿಕೆಯ ಮೊದಲ ವಾಕ್ಯಗಳನ್ನಷ್ಟೇ ಸಾಲಾಗಿ ಓದಿ ವಾದದ ಎಳೆ ಸಿಗುತ್ತದೆಯೇ ಎಂದು ಪರೀಕ್ಷಿಸುವುದು, ಈ ಮೂರೂ ನನ್ನ ದಿನನಿತ್ಯದ ಅಭ್ಯಾಸವಾಗಿವೆ. ಗಟ್ಟಿಯಾಗಿ ಓದುವಾಗ ಉಸಿರು ಸಾಲದ ವಾಕ್ಯ ಸಿಕ್ಕರೆ ಅದನ್ನು ಅಲ್ಲಿಯೇ ಒಡೆಯುತ್ತೇನೆ. ಅಂತಿಮ ಅಭ್ಯಾಸ ನಮ್ಮದೇ ಹಳೆಯ ದಾಖಲೆಯೊಂದನ್ನು ಹೊಸದಾಗಿ ಬರೆಯುವುದಾಗಿತ್ತು. ನಾನು ಆ 28 ಪುಟಗಳನ್ನೇ, ಹೆಸರುಗಳನ್ನು ಬದಲಿಸಿ, ಎತ್ತಿಕೊಂಡೆ. ಅದು 11 ಪುಟಕ್ಕೆ ಬಂತು, 19ನೇ ಪುಟದ ಅಂಶ ಮೊದಲ ಕಂಡಿಕೆಗೆ ಬಂತು. ಮೊದಲಿನ ಪರಿಶೀಲಕರೇ ಅದನ್ನು ಓದಿದರು. 7ನೇ ಪುಟದ ಒಂದು ಕಂಡಿಕೆಯನ್ನು ಗುರುತಿಸಿ, ಇದು ನಿಮ್ಮ ಕೋಪಕ್ಕಾಗಿ ಬರೆದದ್ದು, ಕಕ್ಷಿದಾರರಿಗಾಗಿ ಅಲ್ಲ ಎಂದು ಬರೆದಿದ್ದರು. ಓದಿ ನೋಡಿದೆ, ಹೌದಾಗಿತ್ತು, ತೆಗೆದುಹಾಕಿದೆ.

ವೃತ್ತಿಗೆ ಬಂದು ಮೂರು ನಾಲ್ಕು ವರ್ಷಗಳಾಗಿ, ಸ್ವಂತವಾಗಿ ಕರಡು ಮಾಡಲು ಆರಂಭಿಸಿರುವವರಿಗೆ ಈ ಕೋರ್ಸನ್ನು ನಾನು ಮನಸಾರೆ ಸೂಚಿಸುತ್ತೇನೆ. ವಿದ್ಯಾರ್ಥಿಗಳಿಗೂ ಪ್ರಯೋಜನವಿದೆ, ಆದರೆ ತಮ್ಮ ಬರವಣಿಗೆಯ ದೋಷಗಳು ಇನ್ನೂ ರೂಢಿಯಾಗದವರಿಗೆ ಮೊದಲ ವಾರದ ಅಭ್ಯಾಸ ಅಷ್ಟು ತಟ್ಟಲಾರದು. ವಾರಕ್ಕೆ ಆರೇಳು ಗಂಟೆ ತೆಗೆದಿಡಲಾಗದಿದ್ದರೆ ಸೇರಬೇಡಿ, ಏಕೆಂದರೆ ಅಭ್ಯಾಸಗಳನ್ನು ಕಳುಹಿಸದೆ ಪಾಠಗಳನ್ನು ಮಾತ್ರ ನೋಡಿದರೆ ಕೈಗೆ ಸಿಗುವುದು ಬಹಳ ಕಡಿಮೆ. ಮುಖ್ಯವಾಗಿ ಒಪ್ಪಂದಗಳ ಕೆಲಸ ಮಾಡುವವರು ಬೇರೆ ಕಡೆ ಹುಡುಕುವುದು ಒಳ್ಳೆಯದು. ಒಪ್ಪಂದದ ಭಾಗವನ್ನು ನಾಲ್ಕು ವಾರಕ್ಕೆ ಹಿಗ್ಗಿಸಬೇಕು, ಅದಕ್ಕೂ ಮೊದಲಿನ ಪರಿಶೀಲಕರಂಥವರನ್ನೇ ನೇಮಿಸಬೇಕು ಎಂದು ಕೋರ್ಸಿನ ಕೊನೆಯ ಅಭಿಪ್ರಾಯ ನಮೂನೆಯಲ್ಲಿ ಬರೆದು ಕಳುಹಿಸಿದ್ದೇನೆ. ಹಾಗೆ ಮಾಡಿದರೆ ಆ ನಾಲ್ಕು ವಾರಗಳಿಗಾಗಿಯೇ ನಾನು ಮತ್ತೊಮ್ಮೆ ಸೇರುತ್ತೇನೆ.